ಮೀನಬುಟ್ಟಿಯಲ್ಲಿ ಹೊಳೆ ದಾಟಿದ ನಾಯಿಮರಿಗಳು

ಬೆಕ್ಕು, ನಾಯಿಗಳನ್ನು ಎಷ್ಟು ದೂರ ಒಯ್ದು ಬಿಟ್ಟರೂ ತಿರುಗಿ ಮನೆಗೆ ಬರುತ್ತವೆ. ಹೊಳೆ ದಾಟಿಸಿ ಬಿಟ್ಟರೆ ಮಾತ್ರ ಬರುವುದಿಲ್ಲ. ಇದು ನಮ್ಮ ಕಡೆ ಸಣ್ಣವರಿಗೂ ಗೊತ್ತಿರುವ ಮಾತು. ಹೀಗಾಗಿ ಕೃಷ್ಣಾ ದಂಡೆಯ ನಮ್ಮ ಮನೆಗೆ ಮೀನು ಕೇಳಲು ಬಂದವರಷ್ಟೇ ಚೀಲದಲ್ಲಿ ಬೆಕ್ಕು ಕಟ್ಟಿಕೊಂಡು ಬಂದವರೂ ಇದ್ದರು. ಗಂಡ ಇರುವತನಕ ಅವನು ತೆಪ್ಪದಲ್ಲಿ ದಾಟಿಸುತ್ತಿದ್ದ, ಅವನು ಹೋದ ಮೇಲೆ ಮಗ. ಆಚೆ ದಂಡೆಯವರು ತಮ್ಮ ಬೆಕ್ಕುಗಳನ್ನು ಈಚೆ ತಂದು ಬಿಡುತ್ತಿದ್ದರು. ಹೊಳೆಗೆ ಲಾಭವೂ ಇಲ್ಲ, ಲುಕ್ಸಾನೂ ಇಲ್ಲ.

ಮಗ ಬಲೆ ಬೀಸುತ್ತಿದ್ದ, ಗಾಳವನ್ನೂ ಹಾಕುತ್ತಿದ್ದ, ನಾನು ಬುಟ್ಟಿ ಹೊತ್ತು ಹಾರೂಗೇರಿ ಸಂತೆಗೆ ಹೋಗಿ ಮಾರುತ್ತಿದ್ದೆ. ಅಲ್ಲಿ ಒಬ್ಬ ನೌಕರದಾರನ ಹೆಂಡತಿ ನನ್ನ ಕಾಯಂ ಗಿರಾಕಿ. ಮೀನಿನ ಕಿವಿರು ಎತ್ತಿ ನೋಡದೆ ಕೊಳ್ಳುವ ಹೆಂಗಸಲ್ಲ. ಒಂದು ಮಳೆಗಾಲ, ನನ್ನ ಬುಟ್ಟಿ ಖಾಲಿಯಾದ ಹೊತ್ತಿಗೆ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದಳು.

"ಯಮ್ಮಾ, ನಮ್ಮ ಬಾಗಲ ಮುಂದಿನ ಪಾವಟಿಗಿ ಬುಡಕ ಬೀದಿನಾಯಿ ಮರಿ ಹಾಕೈತಿ. ರಾತ್ರಿ ಎಲ್ಲಾ ಕುಂಯ್ ಕುಂಯ್. ನಿನ್ನ ಬುಟ್ಟಿ ಹೆಂಗೂ ಖಾಲಿ ಐತಿ, ಒಯ್ದು ಹೊಳಿ ದಾಟಿಸಿಬಿಡ."

"ಬುಟ್ಟಿ ಮೀನ ನಾರತೈತ್ರಿ."

"ನಾಯಿಗಿ ಅದs ಅತ್ತರ ಇದ್ದಂಗ."

ಮರಿಗಳನ್ನು ಬುಟ್ಟಿಗೆ ಹಾಕಿಕೊಂಡು ಟೆಂಪೋ ಹತ್ತಿದೆ. ಮಗ ಮರುದಿನ ದಾಟಿಸಿದ. ಆಚೆ ದಂಡೆಯಲ್ಲಿ ಕುರಿ ಮೇಯಿಸುವವನೊಬ್ಬ ಎರಡು ಮರಿ ಎತ್ತಿಕೊಂಡನಂತೆ. ಉಳಿದವನ್ನು ಮಗ ದಂಡೆಯ ಮೇಲೆ ಬಿಟ್ಟು ಬಂದ. ನಾನು ಅಲ್ಲಿಗೆ ಮರೆತೆ.

ಆಗ ತಾನೇ ಎಲ್ಲರ ಕೈಗೂ ಬೆರಳಾಡಿಸುವ ಫೋನು ಬಂದಿತ್ತು. ದೀಪಾವಳಿ ಮುಗಿದ ಮೇಲಿನ ಒಂದು ಸಂತೆಯಲ್ಲಿ ನನ್ನ ಮೀನಿನ ಮುಂದೆ ನೊಣ ಬಿಟ್ಟರೆ ಯಾರೂ ನಿಲ್ಲಲಿಲ್ಲ. ಎದುರಿನ ಪಾನಂಗಡಿಯವನು ಫೋನು ಹಿಡಿದುಕೊಂಡು ಬಂದು ನನ್ನ ಮೂಗಿಗೇ ಹಿಡಿದ. ಫೋಟೋದಲ್ಲಿ ಒಂದು ನಾಯಿಮರಿ, ಅದರ ದವಡೆಯಲ್ಲಿ ದೊಡ್ಡ ಗಾಳ, ಹಿಂದೆ ನೀರು. ಕೃಷ್ಣಾ ಹೊಳೆಯ ಮೀನುಗಾರರು ಜೀವಂತ ನಾಯಿಮರಿಯನ್ನು ಗಾಳಕ್ಕೆ ಸಿಕ್ಕಿಸಿ ದೊಡ್ಡ ಮೀನು ಹಿಡಿಯುತ್ತಾರೆ, ತಿನ್ನುವ ಮೊದಲು ವಿಚಾರ ಮಾಡಿ ಎಂದು ಕೆಳಗೆ ಬರೆದಿದೆ ಅಂತ ಅವನೇ ಓದಿ ಹೇಳಿದ.

"ಈ ನೀರ ನೋಡೋ," ಅಂದೆ. "ನೀಲಿ ಐತಿ. ನಮ್ಮ ಹೊಳಿ ಎಂದರ ನೀಲಿ ಇದ್ದದ್ದ ಕಂಡಿಯೇನು? ಮಳಿಗಾಲದಾಗ ಚಹಾ, ಬ್ಯಾಸಿಗ್ಯಾಗ ಪಾಚಿ."

"ನೀರ ಬಿಡ ಬೇ. ಮಳಿಗಾಲದಾಗ ನೀ ಬುಟ್ಟಿ ತುಂಬ ಮರಿ ತಗೊಂಡ ಟೆಂಪೋ ಹತ್ತಿದ್ದ ನಾ ಕಣ್ಣಾರೆ ನೋಡೇನಿ."

"ಹೊಳಿ ದಾಟಸಾಕ ಒಯ್ದಿದ್ನೋ."

"ಯಾರ ಮರಿ?"

ನಾನು ಮರಿ ಕೊಟ್ಟ ಆ ಹೆಂಗಸಿನ ಕಡೆ ನೋಡಿದೆ. ಅವಳು ಅಲ್ಲೇ ಮೆಂತೆಪಲ್ಲೆ ಆರಿಸುತ್ತಿದ್ದಳು. ಮೆಂತೆಯಲ್ಲಿ ಅಷ್ಟೊಂದು ನೋಡುವಂಥದ್ದು ಏನಿತ್ತೋ, ತಲೆ ಎತ್ತಲಿಲ್ಲ. ಗಿರಾಕಿಯ ಮಾನ ಸಂತೆಯಲ್ಲಿ ಕಳೆಯಬಾರದೆಂದು ಸುಮ್ಮನಾದೆ. ಅದು ತಪ್ಪು ಲೆಕ್ಕ.

ಇನ್ನೊಬ್ಬ ಬಂದ. "ನಾಯಿ ತಿಂದ ಮೀನ ನಾ ತಿನ್ನಾವ ಅಲ್ಲ."

"ಮತ್ತ ಹೊಳ್ಯಾಗ ಮೀನಿಗಿ ದಿನಾ ಹೋಳಿಗಿ ಬಡಸ್ತಾರೇನ?"

"ಜೀವಂತ ಏನೂ ಗಾಳಕ್ಕ ಹಾಕಂಗಿಲ್ಲ ನೀವು?"

"ಎರಿಹುಳ ಹಾಕ್ತೇವಿ. ಅದು ಸಾಯೂತನಕ ನಾವೇನ ಕುಂತ ಭಜನಿ ಮಾಡೂದಿಲ್ಲ."

"ಹುಳದ ಮಾತ ಯಾರ ಕೇಳಿದ್ರ?" ಎಂದು ಮುಖ ಸಿಂಡರಿಸಿ ಹೋದ. ನನ್ನ ಬುಟ್ಟಿಯಲ್ಲಿ ಒಂದು ಕಟ್ಲಾ ಇನ್ನೂ ಬಾಯಿ ತೆರೆದು ಮುಚ್ಚುತ್ತಿತ್ತು. ಅದರ ಬಾಯಲ್ಲೂ ಗಾಳದ ತೂತು. ಅದಕ್ಕಾಗಿ ಯಾರೂ ಅತ್ತಿರಲಿಲ್ಲ, ನಾನೂ ಅತ್ತವಳಲ್ಲ. ಅತ್ತರೆ ಊಟ ಎಲ್ಲಿಂದ?

ಆ ವಾರದ ಮೀನನ್ನು ಉಪ್ಪು ಹಚ್ಚಿ ಒಣಗಿಸಿದೆ. ಮುಂದಿನ ವಾರದ್ದೂ ಹಾಗೇ ಆಯಿತು. ಅಂಗಳದ ತುಂಬ ಒಣಮೀನು, ಓಣಿಯ ತುಂಬ ವಾಸನೆ. ಮಗ ಉಣ್ಣುತ್ತಾ ಹೇಳಿದ: "ಇನ್ನೊಂದ ಸಂತಿ ನೋಡ್ತೀನಿ. ಆಮ್ಯಾಲ ಬಲಿ ಮಾರಿ ಕಬ್ಬ ಕಡಿಯಾಕ ಹೊಕ್ಕೇನಿ." ಅವನು ಸುಮ್ಮನೆ ಹೆದರಿಸುವವನಲ್ಲ. ಬಲೆ ಕೊಳ್ಳುವವನು ಅದಾಗಲೇ ಬಂದು ಎಳೆದು ನೋಡಿ ಹೋಗಿದ್ದ.

ಮರುದಿನವೇ ಹಾರೂಗೇರಿಗೆ ಹೋಗಿ ಆ ಹೆಂಗಸಿನ ಬಾಗಿಲಲ್ಲಿ ನಿಂತೆ.

"ಮರಿ ನಿಮ್ಮವಂತ ಸಂತ್ಯಾಗ ಹೇಳ್ರಿ."

"ಹೆಂಗ ಹೇಳ್ಲಿ ಯಮ್ಮಾ? ಆ ಫೋಟೋ ಬಂದಾಗ ಫೋನಿನ ಗುಂಪಿನ್ಯಾಗ ಎಲ್ಲಾರಕಿಂತ ಮೊದಲ ಅಳೂ ಮುಖ ಹಾಕಿದಾಕಿ ನಾನs. ಈಗ ನಾನs ಮರಿ ಹೊರಗ ಹಾಕಿಸೇನಿ ಅಂದ್ರ ಮಂದಿ ಏನಂದಾರು?"

"ನನಗ ಈಗ ಅನ್ನಾಕತ್ತಾರಲ್ಲ, ಅದನ್ನs ಅಂದಾರು."

ಅವಳು ಚಹಾ ಕುಡಿದು ಹೋಗು ಅಂದಳು. ಕುಡಿದೆ. ಸಕ್ಕರೆ ಕಡಿಮೆ ಇತ್ತು.

ಮನೆಗೆ ಬಂದು ಮಗನನ್ನು ಆಚೆ ದಂಡೆಗೆ ಅಟ್ಟಿದೆ, ಸಂತೆಗೆ ನಾಯಿ ಕರೆದುಕೊಂಡು ಬಾ ಎಂದು ಕುರಿಯವನಿಗೆ ಹೇಳಿಕಳಿಸಿದೆ. "ನಾಯಿ ಕರಕೊಂಡ ಬರೂದೇನು? ನಾ ಹೋದಲ್ಲಿ ಅವs ಬರ್ತಾವ," ಅಂದನಂತೆ.

ಸಂತೆಯ ದಿನ ಅಂದ ಹಾಗೆಯೇ ಬಂದ. ಹೆಗಲ ಮೇಲೆ ಕಂಬಳಿ, ಹಿಂದೆ ಎರಡು ನಾಯಿ. ಮರಿಗಳಲ್ಲ, ಮೊಣಕಾಲೆತ್ತರ ಬೆಳೆದಿದ್ದವು. ಒಂದರ ಎಡಗಿವಿ ಹುಟ್ಟಿನಿಂದಲೇ ಮಡಚಿಕೊಂಡಿತ್ತು. ನಾನು ಬಾಯಿ ತೆರೆಯುವ ಮೊದಲೇ ಆ ಕಿವಿಯ ನಾಯಿ ನೇರ ಹೋಗಿ ಪಲ್ಲೆ ಕೊಳ್ಳುತ್ತಿದ್ದ ಆ ಹೆಂಗಸಿನ ಚೀಲಕ್ಕೆ ಮೂತಿ ಹಾಕಿತು. ಗುರುತಿನಿಂದಲ್ಲ, ಚೀಲದಲ್ಲಿ ಬಿಸ್ಕೀಟು ಇತ್ತು.

ಅವಳು ಹೌಹಾರಿ ಕೂಗಿದಳು: "ಅಯ್ಯ ಶಿವನ, ಇದು ನಮ್ಮ ಪಾವಟಿಗಿ ಬುಡಕಿಂದು! ಕಿವಿ ನೋಡ್ರಿ, ಹಂಗs ಐತಿ!"

ಸಂತೆ ತಿರುಗಿ ನೋಡಿತು. ಪಾನಂಗಡಿಯವನು ಸುಣ್ಣ ಹಚ್ಚುವುದನ್ನು ಬಿಟ್ಟ. "ಅಕ್ಕಾರ, ಹಂಗಾರ ಬುಟ್ಟಿಗಿ ಮರಿ ಹಾಕಿದವ್ರು ನೀವs ಏನ್ರಿ?"

"ಹೊಳಿ ದಾಟಸಾಕ ಕೊಟ್ಟಿದ್ನೋ ಮಾರಾಯ, ಗಾಳಕ್ಕಲ್ಲ!"

"ಗುಂಪಿನ್ಯಾಗ ಅಳಾಕತ್ತಿದ್ರಲ್ರಿ?"

"ಅಳು ಬಂದಿತ್ತು, ಅತ್ತೇನಿ. ನಿನಗೇನು?" ಅಂದವಳೇ ನನ್ನ ಮುಂದೆ ಬಂದು ಕುಕ್ಕರಿಸಿದಳು. "ಆ ಕಟ್ಲಾ ತೂಗ ಯಮ್ಮಾ. ದೊಡ್ಡದು."

ಅವತ್ತು ಕಿವಿರು ಎತ್ತಿ ನೋಡಲಿಲ್ಲ. ನಾನು ಕೊಚ್ಚಿ ಕೊಟ್ಟೆ. ಅವಳ ಹಿಂದೆ ಒಬ್ಬರು, ಆಮೇಲೆ ಇನ್ನೊಬ್ಬರು. ಸತ್ಯ ತಿಳಿಯಿತೆಂದು ಬಂದರೋ, ಎರಡು ವಾರ ಮೀನಿಲ್ಲದೆ ನಾಲಿಗೆ ಕೆಟ್ಟು ಬಂದರೋ, ನಾನು ಕೇಳಲಿಲ್ಲ. ಕುರಿಯವನ ನಾಯಿಗಳು ಬದುಕಿದ್ದನ್ನು ಮಾತ್ರ ಯಾರೂ ಫೋಟೋ ಹೊಡೆದು ಯಾರಿಗೂ ಕಳಿಸಲಿಲ್ಲ. ಉಳಿದ ಮರಿಗಳು ಏನಾದವೆಂದು ಒಬ್ಬರೂ ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ.

ಬಲೆ ಕೊಳ್ಳುವವನು ಮತ್ತೆ ಬಂದಾಗ ಮಗ ಅವನಿಗೆ ನೀರು ಕೊಟ್ಟು ಕಳಿಸಿದ.

ಅದಾಗಿ ಕೆಲವು ವಾರಕ್ಕೆ ಪಾನಂಗಡಿಯವನ ಫೋನಿಗೆ ಸಂತೆಯಲ್ಲಿ ಪ್ಲಾಸ್ಟಿಕ್ಕಿನ ಕೋಳಿತತ್ತಿ ಮಾರುತ್ತಾರೆಂಬ ಸುದ್ದಿ ಬಂತು. ನನ್ನ ಪಕ್ಕಕ್ಕೆ ಹೊಸದಾಗಿ ಕೂರುತ್ತಿದ್ದ ತತ್ತಿ ಮಾರುವವಳ ಮುಂದೆ ಅವತ್ತು ನೊಣವೂ ಇರಲಿಲ್ಲ. ನಾನು ಅವಳ ಹತ್ತಿರ ತತ್ತಿ ಕೊಂಡೆ, ಪಾಪವೆಂದಲ್ಲ. ನನ್ನ ಬುಟ್ಟಿ ತಳ ಕಂಡಿತ್ತು, ಮನೆಗೆ ಒಯ್ಯಲು ಒಂದು ಮೀನೂ ಉಳಿದಿರಲಿಲ್ಲ, ಸಾರಿಗೆ ಏನಾದರೂ ಬೇಕಾಗಿತ್ತು.