ಮೊದಲ ಲೋಟ ಯಾರಿಗೆ?

ದುಡಿಯುವವರ ಮೈಗೆ ಪೆಟ್ಟಾಗದಂತೆ ಕಾಯುವ ವಿದ್ಯೆಯಲ್ಲಿ ನಮ್ಮ ಬಿಸ್ಕತ್ತು ಕಾರ್ಖಾನೆಯ ಸುರಕ್ಷತಾಧಿಕಾರಿಯಾಗಿದ್ದು ಇದೀಗ ನಿವೃತ್ತರಾಗಿರುವ ಮಾನ್ಯ ಮೇಡಂ ಅವರಿಗೆ ಸರಿಸಾಟಿಯಾದವರು ವಿರಳ ಎಂಬುದನ್ನು ಈ ಅಭಿನಂದನ ಗ್ರಂಥದ ಇತರ ಲೇಖಕರೆಲ್ಲ ಸಾರಿರುವುದರಿಂದ, ಇಲ್ಲಿಯೂ ಅದನ್ನು ಒಪ್ಪಿಕೊಂಡೇ ಮುಂದುವರಿಯಬೇಕಾಗಿದೆ. ಒಪ್ಪಿಕೊಳ್ಳುವುದು ಅಷ್ಟು ಸುಲಭವಲ್ಲ. ಏಕೆಂದರೆ ಇದನ್ನು ಬರೆಯುತ್ತಿರುವವನು ಅದೇ ಕಾರ್ಖಾನೆಯ ಉತ್ಪಾದನಾ ಮೇಲ್ವಿಚಾರಕ. ಅವರಿಗಿಂತ ಎಷ್ಟೋ ವರ್ಷ ಮೊದಲೇ ಕೆಲಸಕ್ಕೆ ಸೇರಿದವನು. "ಮಾತೆತ್ತಿದ್ರೆ ನಾನು, ನಾನು ಅಂತ ಬರೀಬೇಡಿ. ಹೊಟ್ಟೆಕಿಚ್ಚು ಎದ್ದು ಕಾಣುತ್ತೆ" ಎಂದು ಹೆಂಡತಿ ಎಚ್ಚರಿಸಿರುವುದರಿಂದ ಅವನು ಇಲ್ಲಿ ತನ್ನನ್ನು ಮೇಲ್ವಿಚಾರಕ ಎಂದೇ ಕರೆದುಕೊಳ್ಳುತ್ತಾನೆ. ಕಿಚ್ಚು ಇದೆಯೇ ಎಂದು ಕೇಳಿದರೆ, ಇದೆ.

ಅವನ ಸಂಕಟವನ್ನೂ ಓದುಗರು ಸ್ವಲ್ಪ ಕೇಳಬೇಕು. ಅವನು ಬೆವರು ಸುರಿಸಿದರೆ ಸಂಜೆಗೆ ಲಾರಿ ತುಂಬ ಬಿಸ್ಕತ್ತು ಕಾಣುತ್ತದೆ; ನಾಲ್ಕು ಪೆಟ್ಟಿಗೆ ಕಡಿಮೆಯಾದರೆ ಎಲ್ಲರ ಕಣ್ಣೂ ಅವನ ಮೇಲೆ. ಮೇಡಂ ಅವರು ದುಡಿದರೆ ಸಂಜೆಗೆ ಕಾಣುವುದೇನು? ಯಾರೂ ಜಾರಿ ಬಿದ್ದಿಲ್ಲ, ಯಾರ ಕೈಯೂ ಸುಟ್ಟಿಲ್ಲ, ಯಾರ ಬೆರಳೂ ಯಂತ್ರಕ್ಕೆ ಸಿಕ್ಕಿಲ್ಲ. ಏನೂ ಆಗದೇ ಇದ್ದದ್ದಕ್ಕೂ ಹೊಗಳಿಕೆಯೇ ಎಂದು ಅವನು ಮನೆಯಲ್ಲಿ ಗೊಣಗಿದರೆ, ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿರುವ ಹೆಂಡತಿ, "ನಿಮ್ಮ ಹತ್ತು ಬೆರಳೂ ಇದಾವಲ್ಲ, ಎಣಿಸ್ಕೊಂಡು ಸುಮ್ನೆ ಮಲಗಿ" ಎನ್ನುವಳು.

ಮೇಡಂ ಬಂದ ಕಾಲಕ್ಕೆ ಕಾರ್ಖಾನೆಯ ನೆಲವನ್ನು ಒಣ ಪೊರಕೆಯಲ್ಲಿ ಗುಡಿಸುತ್ತಿದ್ದರು. ಹಿಟ್ಟಿನ ಧೂಳು ಎದ್ದು ಎದುರಿಗಿದ್ದವರ ಮುಖವೇ ಕಾಣುತ್ತಿರಲಿಲ್ಲ. ಹಿಟ್ಟು ಕಲಸುವ ಯಂತ್ರದ ಮುಂದೆ ನಿಲ್ಲುತ್ತಿದ್ದ ಹಿರಿಯರೊಬ್ಬರ ಉಸಿರು ಸಿಳ್ಳೆ ಹಾಕುವುದನ್ನು ಇಡೀ ಕಾರ್ಖಾನೆ ವರ್ಷಗಟ್ಟಲೆ ಕೇಳಿತ್ತು, ಮೇಲ್ವಿಚಾರಕನೂ ಕೇಳಿದ್ದ. ಮೇಡಂ ಒಂದು ವಾರ ಕೇಳಿದರು. ಆಮೇಲೆ ಅವರನ್ನು ತಾವೇ ವೈದ್ಯರ ಬಳಿಗೆ ಕರೆದುಕೊಂಡು ಹೋದರು, ಸಂಬಳ ಕಡಿಮೆಯಾಗದಂತೆ ಉಗ್ರಾಣಕ್ಕೆ ವರ್ಗ ಮಾಡಿಸಿದರು, ಪೊರಕೆಗಳನ್ನೆಲ್ಲ ಎತ್ತಿಡಿಸಿ ಧೂಳು ಹೀರುವ ಯಂತ್ರ ತರಿಸಿದರು. ಅವರ ಬಾಯಲ್ಲಿ ಸದಾ "ನಿಧಾನ", ಮೇಲ್ವಿಚಾರಕನ ಬಾಯಲ್ಲಿ "ಬೇಗ ಬೇಗ". ಕಾರ್ಮಿಕರು ಅವರಿಗೆ ನಿಧಾನ ಮೇಡಂ ಎಂದೂ ಇವನಿಗೆ ಬೇಗ್‌ಬೇಗ್ ಸಾರ್ ಎಂದೂ ಹೆಸರಿಟ್ಟರು. ಅವರ ಅಡ್ಡಹೆಸರನ್ನು ಎದುರಿಗೇ ಪ್ರೀತಿಯಿಂದ ಕೂಗುವರು. ಇವನದನ್ನು ಬೆನ್ನ ಹಿಂದೆ ಮಾತ್ರ.

ಆದರೆ ಇವನ ಹೊಟ್ಟೆ ನಿಜವಾಗಿ ಉರಿದದ್ದು ಚಹಾದ ವಿಷಯಕ್ಕೆ. ಪಾಳಿ ಶುರುವಾಗುವ ಮುನ್ನ ಎಲ್ಲರೂ ಚಹಾದ ಹಂಡೆಯ ಸುತ್ತ ನಿಲ್ಲುವುದು ರೂಢಿ. ಅಲ್ಲಿ ಮೇಡಂ ಕೇಳುವರು: "ನಿನ್ನೆ ಕೂದಲೆಳೆಯಲ್ಲಿ ಪಾರಾದೋರು ಯಾರಪ್ಪಾ?" ಯಾರಾದರೂ ಕೈ ಎತ್ತಿ, ಇಂಥಲ್ಲಿ ಎಣ್ಣೆ ಚೆಲ್ಲಿತ್ತು, ಬೀಳೋದ್ರಲ್ಲಿದ್ದೆ ಎಂದರೆ, ಅವರಿಗೆ ಬೈಗುಳವಿಲ್ಲ, ನೋಟೀಸಿಲ್ಲ, ಮೇಡಂ ಕೈಯಿಂದಲೇ ಮೊದಲ ಲೋಟ. ಆ ಲೋಟ ಖಾಲಿಯಾಗುವುದರೊಳಗೆ ಎಣ್ಣೆ ಒರೆಸಿಯಾಗಿರುತ್ತಿತ್ತು. ಅದಕ್ಕೂ ಮೊದಲು ಎಡವಿದವರಿಗೆ ಮೇಲ್ವಿಚಾರಕನಿಂದ ಸಿಗುತ್ತಿದ್ದುದು ನೋಟೀಸು. ಹಾಗಾಗಿ ಎಡವಿದವರು ಯಾರೂ ಬಾಯಿ ಬಿಡುತ್ತಿರಲಿಲ್ಲ.

ಹಬೆಯಾಡುವ ಆ ಮೊದಲ ಲೋಟ ಒಲೆಯ ಆಪರೇಟರ್‌ಗೆ ಸಿಕ್ಕಿತು, ಲಾರಿ ಡ್ರೈವರ್‌ಗೆ ಸಿಕ್ಕಿತು, ನಿನ್ನೆ ಮೊನ್ನೆ ಸೇರಿದವರಿಗೂ ಸಿಕ್ಕಿತು. ಮೇಲ್ವಿಚಾರಕನಿಗೆ ಸಿಗಲಿಲ್ಲ. ಹತ್ತು ಜನರ ಮುಂದೆ ಎಡವಿದೆ ಎನ್ನಲು ಮರ್ಯಾದೆ ಅಡ್ಡ ಬರುತ್ತಿತ್ತು. ಸುಮ್ಮನಿದ್ದರೆ ಹಂಡೆಯ ತಳದ ಬಿಸಿಯಾರಿದ ಚಹಾವೇ ಗತಿ. ಒಂದು ದಿನ ಅವನ ಹೆಂಡತಿಯೇ ಕೈ ಎತ್ತಿದಳು. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡು ಪೆಟ್ಟಿಗೆ ಕೈಜಾರಿತ್ತಂತೆ, ಪಾದ ಸ್ವಲ್ಪದರಲ್ಲಿ ಉಳಿಯಿತಂತೆ. ಮಧ್ಯಾಹ್ನದೊಳಗೆ ಪ್ಯಾಕಿಂಗ್ ಮೇಜುಗಳ ಕಾಲ ಕೆಳಗೆ ಮರದ ತುಂಡು ಕೊಟ್ಟು ಎಲ್ಲವನ್ನೂ ಎತ್ತರಿಸಲಾಯಿತು. ಸಂಜೆ ಅವಳು ಗುನುಗುತ್ತಾ ಮನೆಗೆ ಬಂದಳು. "ನನ್ನ ಸೊಂಟದ ಕಥೆ ಮದುವೆಯಾದಾಗಿಂದ ನಿಮಗೆ ಹೇಳ್ತಿದೀನಿ. ಅವರಿಗೆ ಒಂದೇ ಸಲ ಹೇಳಿದ್ದು" ಎಂದಳು. ಅವತ್ತು ಅವನಿಗೆ ಊಟ ಸೇರಲಿಲ್ಲ.

ಮೇಡಂ ನಿವೃತ್ತರಾಗುವ ದಿನ ಬಂದೇ ಬಂತು. ಇನ್ನು ಆ ಲೋಟ ಅವರ ಕೈಯಿಂದ ಸಿಗಲಾರದೆಂದು ಮೇಲ್ವಿಚಾರಕ ಮರ್ಯಾದೆಯನ್ನು ಗಂಟು ಕಟ್ಟಿ ಅಟ್ಟಕ್ಕೆಸೆದ. ಒಲೆಯ ಹತ್ತಿರ ಕಾಲು ಜಾರಿತೆಂದು ಒಂದು ಹಸಿ ಸುಳ್ಳು ಹೆಣೆದು, ಕನ್ನಡಿಯ ಮುಂದೆ ನಿಂತು ಕಲಿತುಕೊಂಡ. ಆಫೀಸಿನವರ ಅಲಂಕಾರಕ್ಕಿಂತ ತನ್ನ ವಿಭಾಗದ್ದೇ ಮೇಲಾಗಬೇಕೆಂದು ಬೆಳಿಗ್ಗೆ ಬೇಗನೆ ಬಂದು, ಮೆಟ್ಟಿಲಿನ ಕಂಬಿಗಳಿಗೆ ಪ್ಯಾಕಿಂಗ್ ಹಗ್ಗ ಬಿಗಿದು ಬಣ್ಣದ ಕಾಗದದ ಮಾಲೆ ತೂಗುಹಾಕಿದ. ಆಮೇಲೆ ಹಂಡೆಯ ಪಕ್ಕ ಎಲ್ಲರಿಗಿಂತ ಮುಂದೆ ನಿಂತ.

"ಕೂದಲೆಳೆಯಲ್ಲಿ ಪಾರಾದೋರು ಯಾರಪ್ಪಾ?" ಎಂದರು ಮೇಡಂ, ಕೊನೆಯ ಬಾರಿಗೆ. ಇವನು ಗಂಟಲು ಸರಿಮಾಡಿಕೊಂಡ. ಬಾಯಿ ತೆರೆಯುವಷ್ಟರಲ್ಲಿ ಅವರೇ, "ಯಾರೂ ಇಲ್ವಾ? ಹಾಗಾದ್ರೆ ಇವತ್ತು ನಾನೇ. ಮೆಟ್ಟಿಲ ಹತ್ರ ಅಲಂಕಾರದ ಹಗ್ಗ ಜೋತುಬಿದ್ದಿದೆ. ಕಾಲಿಗೆ ಸಿಕ್ತು. ಕಂಬಿ ಹಿಡ್ಕೊಂಡಿದ್ದಕ್ಕೆ ಉಳ್ಕೊಂಡೆ" ಎಂದರು.

ಅಯ್ಯೋ ದೇವರೇ, ಅದೂ ಅವರ ಪಾಲಿಗೇ! ಕೊನೆಯ ದಿನದ ಮೊದಲ ಲೋಟವೂ ಅವರದೇ! ಕ್ಷಣಕಾಲ ಮೇಲ್ವಿಚಾರಕನಿಗೆ ಕಂಡದ್ದು ಇಷ್ಟೇ. ಮರುಕ್ಷಣ ಕಂಬಿ ಕೈಗೆ ಸಿಗದಿದ್ದರೆ ಎಂಬುದು ಹೊಳೆಯಿತು. ಕಲಿತಿದ್ದ ಸುಳ್ಳು ಮರೆತೇಹೋಯಿತು.

"ಕಟ್ಟಿದ್ದು ನಾನೇ ಮೇಡಂ. ನಿಮ್ಮ ಸಮಾರಂಭದಲ್ಲಿ ನಂದೇ ಚೆಂದ ಕಾಣ್ಲಿ ಅಂತ ಅವಸರದಲ್ಲಿ ಕಟ್ಟಿದೆ" ಎಂದ, ಎಲ್ಲರ ಎದುರಿಗೆ.

ಯಾರೂ ನಗಲಿಲ್ಲ. ಒಲೆಯ ಆಪರೇಟರ್ ಆಗಲೇ ಹಗ್ಗ ಬಿಚ್ಚಲು ಹೊರಟಿದ್ದರು. ಮೇಡಂ ಒಂದು ಲೋಟ ತುಂಬಿಸಿ, ಅದರಲ್ಲಿ ಅರ್ಧವನ್ನು ಇನ್ನೊಂದಕ್ಕೆ ಸುರಿದು ಇವನ ಕೈಗಿಟ್ಟರು. "ಎಡವಿದ್ದು ನಾನು, ಹೇಳಿದ್ದು ಇಬ್ಬರೂ. ಸಮಪಾಲು. ನಿಧಾನವಾಗಿ ಕುಡೀರಿ ಸಾರ್, ಬಿಸಿ ಇದೆ." ಸಕ್ಕರೆ ಕಡಿಮೆಯಿತ್ತು. ಅಷ್ಟು ರುಚಿಯಾದ ಚಹಾವನ್ನು ಅವನು ಎಂದೂ ಕುಡಿದಿರಲಿಲ್ಲ.

ಈ ಲೇಖನವನ್ನು ಅವನೇ ಬರೆಯಲೆಂದು ಹಟ ಹಿಡಿದವರೂ ಮೇಡಂ ಅವರೇ. "ನನ್ನ ಮೇಲೆ ಅವರಷ್ಟು ಕಣ್ಣಿಟ್ಟೋರು ಇನ್ಯಾರಿದಾರೆ?" ಎಂದರಂತೆ. ಈಗ ಅವರು ಸುತ್ತಲಿನ ಸಣ್ಣ ಪುಟ್ಟ ವರ್ಕ್‌ಶಾಪುಗಳಿಗೆ ಹೋಗಿ ಇದೇ ಪಾಠ ಹೇಳುತ್ತಿದ್ದಾರೆ. ಅಲ್ಲಿ ಯಾರ್ಯಾರಿಗೆ ತುಂಬಿದ ಲೋಟ ಸಿಗುತ್ತಿದೆಯೋ ಎಂದು ಮೇಲ್ವಿಚಾರಕನಿಗೆ ಒಳಗೊಳಗೇ ಉರಿಯುತ್ತಿದೆ. ಆ ಕೈಗೆ ಬಲವಿರಲಿ, ಆಯುಷ್ಯ ನೂರು ದಾಟಲಿ, ಅವರು ಕಾಲಿಟ್ಟಲ್ಲೆಲ್ಲ ಏನೂ ಆಗದಿರಲಿ ಎಂಬುದು ಅವನ ಮನದುಂಬಿದ ಹಾರೈಕೆ. ಹೆಂಡತಿ ಕ್ಷಮಿಸಲಿ, ಕಡೆಗೊಮ್ಮೆ ನಾನು ಎನ್ನುತ್ತೇನೆ: ಮೇಡಂ, ನಾನು ಉಳಿದರ್ಧ ಲೋಟಕ್ಕೆ ಕಾಯುತ್ತಿದ್ದೇನೆ. ನಿಧಾನವಾಗಿ ಬನ್ನಿ.