ಒಂಬತ್ತು ವರ್ಷದಿಂದ ಕಲಿಯುತ್ತಿರುವ ಅಕ್ಕ

ನಾಳೆ ಆ ಕಾಗದಕ್ಕೆ ಅಕ್ಕನ ಸಹಿ ಬಿದ್ದುಬಿಟ್ಟರೆ? ಮಗುವಿಗೆ ಹಾಲು ಕುಡಿಸುವಾಗಲೂ, ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂದು ಮೂರನೇ ಸಲ ನೋಡುವಾಗಲೂ ಇದೇ ಚಿಂತೆ. ಅಕ್ಕನಿಗೆ ಭಯವೆಂಬುದೇ ಇಲ್ಲ. ಅವರ ಪಾಲಿನದನ್ನೂ ನಾನೇ ಪಡುತ್ತಿದ್ದೇನೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ, ನಮ್ಮ ಕಟ್ಟಡದ ಕೆಳಗಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು. ಎರಡು ಹನಿ ನೀರು ಚಿಮುಕಿಸಿ, ಚುಂಯ್ ಎನ್ನುವ ಸದ್ದಿನಲ್ಲೇ ಪೆಟ್ಟಿಗೆಯ ಬಿಸಿ ಅಳೆಯುತ್ತಾರೆ. ಕಾಲರ್, ಕಫ್, ತೋಳು, ಆಮೇಲೆ ಬೆನ್ನು. ನಾಲ್ಕು ನಿಮಿಷಕ್ಕೊಂದು ಅಂಗಿ. ಹೊಸದಾಗಿ ಬಂದವರಿಗೆಲ್ಲ ಕಲಿಸುವವರೂ ಅವರೇ. ಆದರೆ ಕಾಗದದ ಪ್ರಕಾರ ಅಕ್ಕ ಇನ್ನೂ ಕಲಿಯುತ್ತಿದ್ದಾರೆ. ಒಂಬತ್ತು ವರ್ಷದಿಂದ!

ಜೀತಕ್ಕೆ ಇಟ್ಟುಕೊಳ್ಳುವುದು ಅಪರಾಧವೆಂದು ಲಾಂಡ್ರಿಯ ಯಜಮಾನರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಮೂರು ವರ್ಷದ ‘ತರಬೇತಿ ಒಪ್ಪಂದ’. ಅವಧಿ ಮುಗಿಯುವ ವಾರ ‘ಕಲಿಕೆ ಸಾಲದು’ ಎಂದು ಬರೆದು ಹೊಸದಕ್ಕೆ ಸಹಿ ಹಾಕಿಸುತ್ತಾರೆ. ಊಟ ಉಂಟು, ಹಿಂದಿನ ಕೋಣೆಯಲ್ಲಿ ಚಾಪೆ ಉಂಟು, ಸಂಬಳವಿಲ್ಲ. ಕಾಂಪೌಂಡು ದಾಟಲು ಅಪ್ಪಣೆ ಬೇಕು. ಗುರುತಿನ ಚೀಟಿ ಯಜಮಾನರ ಬೀರುವಿನಲ್ಲಿದೆ. ಅದಿಲ್ಲದೆ ಬೇರೆಲ್ಲೂ ಕೆಲಸ ಸಿಗುವುದಿಲ್ಲ.

ನಿನ್ನೆ ಬಟ್ಟೆಯ ಗಂಟು ತಂದ ಅಕ್ಕ, ಮಗುವಿನ ಅಂಗಿಗಳ ನಡುವಿನಿಂದ ಎರಡು ಕಾಗದ ತೆಗೆದರು.

“ಓದಮ್ಮ. ಒಂದು ನಂದು, ಇನ್ನೊಂದು ಹೋದ ತಿಂಗಳು ಸೇರಿದವಳದ್ದು.”

ಅಕ್ಕನ ಕಾಗದದಲ್ಲಿ ‘ಕಲಿಯುವವರು’ ಎಂದಿರುವಲ್ಲಿ ಅಕ್ಕನ ಹೆಸರು. ಹೊಸಬಳ ಕಾಗದದಲ್ಲಿ ‘ಕಲಿಸುವವರು’ ಎಂದಿರುವಲ್ಲೂ ಅದೇ ಹೆಸರು! ತರಬೇತಿ ಎಂದಮೇಲೆ ಗುರು ಬೇಕಲ್ಲ, ಯಜಮಾನರು ಬೇರೆಯವರನ್ನು ಎಲ್ಲಿಂದ ತಂದಾರು? ಎರಡರ ಕೆಳಗೂ ಯಜಮಾನರದೇ ಸಹಿ.

“ನೋಡಿದ್ಯಾ? ನಾನೇ ಮೇಷ್ಟ್ರು, ನಾನೇ ದಡ್ಡ ಶಿಷ್ಯೆ!” ಅಕ್ಕ ನಕ್ಕರು. “ನಾಡಿದ್ದು ಹೊಸ ಒಪ್ಪಂದಕ್ಕೆ ಸಹಿ ಹಾಕು ಅಂದಿದಾರೆ. ಹಾಕಲ್ಲ. ಚೀಟಿ ವಾಪಸ್ ಬಂದ್ರೆ ತಂಗಿ ಮನೆ ಮುಂದೆ ಸ್ವಂತ ಮೇಜು ಹಾಕ್ಕೋತೀನಿ. ನಮಗೆ ಫೋನ್ ಮುಟ್ಟೋಕೆ ಬಿಡಲ್ಲ. ಕಾರ್ಮಿಕ ಇಲಾಖೆಗೆ ನೀನೇ ಮಾಡು.”

“ನಾನಾ? ನಿಮಗೇನಾದ್ರೂ ಮಾಡಿಬಿಟ್ರೆ ಅಕ್ಕಾ? ನನ್ನ ಹೆಸರು ಕೇಳಿದ್ರೆ?”

“ಕೇಳಿದ್ರೆ ಹೇಳು. ಮಗು ಹೆತ್ತವಳಿಗೆ ಹೆಸರು ಹೇಳೋದು ಕಷ್ಟಾನಾ?” ಎನ್ನುತ್ತಾ ಮೆಟ್ಟಿಲಿಳಿದೇಬಿಟ್ಟರು.

ಇವತ್ತು ಬೆಳಗ್ಗೆ ಕೆಳಗಿನಿಂದ ಅವರ ದನಿ ಕೇಳಿಸಿತು: “ಕಾಲರ್ ಮೊದಲು ಕಣೇ, ಎಷ್ಟು ಸಲ ಹೇಳ್ಲಿ!” ಹೊಸಬಳಿಗೆ ಪಾಠ ನಡೆಯುತ್ತಿತ್ತು.

ಮಗುವನ್ನು ಸೊಂಟಕ್ಕೇರಿಸಿಕೊಂಡು ಎರಡೂ ಕಾಗದಗಳನ್ನು ಎದುರಿಗಿಟ್ಟುಕೊಂಡೆ. ಎರಡು ಸಲ ತಪ್ಪು ಅಂಕಿ ಒತ್ತಿದೆ. ಮೂರನೇ ಸಲ ಆ ಕಡೆ ಯಾರೋ ಎತ್ತಿದರು.

“ಕಾರ್ಮಿಕ ಇಲಾಖೆನಾ? ಒಂದು ದೂರು ಇದೆ, ಬರ್ಕೊಳ್ಳಿ ಸಾರ್. ಮೊದಲು ನನ್ನ ಹೆಸರು.”