ಗಂಗವ್ವನವರ ಸೀರೆಯ ನೆರಿಗೆ

ಕೊರೊನಾ ಕಳೆದ ಮರುವರ್ಷ ನಾನು ಠಾಣೆ ಶಹರದ ವರ್ತಕ ನಗರದ ಒಂದು ಚಿಕ್ಕ ಮೆಮರಿ ಕ್ಲಿನಿಕ್‌ನಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೆ. ಉಣ್ಣುವುದು, ಉಡುವುದು, ತಲೆ ಬಾಚುವುದು ಇಂಥ ನಿತ್ಯದ ಕೆಲಸಗಳು ರೋಗಿಯ ಕೈಗೆ ಎಟುಕುವಂತೆ ಮಾಡುವುದು ನಮ್ಮ ಕಸುಬು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಅಪ್ಪ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ಓದಿಸಿದ. ಬಾಗಿಲ ಮೇಲಿನ ನನ್ನ ಹೆಸರಿನ ಬೋರ್ಡನ್ನು ದಿನಾ ನಾನೇ ಒರೆಸುತ್ತಿದ್ದೆ.

ಸಂಕ್ರಾಂತಿಯ ಬೆನ್ನಿಗೇ ಗಂಗವ್ವ ಬಂದರು. ವಿಜಯಪುರದ ಕಡೆಯವರು. ಗಂಡ ಶಿವಪ್ಪ ರಬಾಳೆಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಜೊತೆಗೆ ಸೊಸೆ ಸವಿತಾ. ಅಲ್ಜೈಮರ್ ಎಂಬ ಮರೆವಿನ ರೋಗವೆಂದು ನ್ಯೂರಾಲಜಿಸ್ಟ್ ಆಗಲೇ ಹೇಳಿದ್ದರು. ಸವಿತಾ ನಂಬಿರಲಿಲ್ಲ.

“ಸಂಕ್ರಾಂತಿ ಹಳದಿ-ಕುಂಕುಮಕ್ಕ ನಮ್ಮವ್ವ ಬಂದಿದ್ಲು ಮ್ಯಾಡಂ. ಕುಂಕುಮ ಹಚ್ಚ್ರಿ ಅತ್ತಿ ಅಂದ್ರ, ಕುಂಕುಮದ ಬಟ್ಟಲನ್ನ ಆಕಿ ಹಣಿಗೆ ಒತ್ತಿದ್ರು. ಎಲ್ಲಾರ ಮುಂದ. ಮರವು ಇದ್ರ ನಮ್ಮವ್ವನ ಹೆಸರು ಹ್ಯಾಂಗ ನೆನಪೈತಿ? ದಿನಾ ಮುಂಜಾನೆ ಚಿಲಕ ಹಾಕ್ಕೊಂಡು ಅತ್ತಿ-ಮಾವ ಇಬ್ಬರೂ ನನ್ನ ಚಾಡಿ ಹೇಳ್ಕೋತ ಕೂಡ್ತಾರ. ಸಾಕಾತು. ಬರೋ ತಿಂಗಳ ನಾವು ಗಂಡ-ಹೆಂಡ್ತಿ ಡೊಂಬಿವಲಿಗೆ ಬ್ಯಾರೆ ಮನಿ ಮಾಡ್ಕೊಂಡು ಹೋಗ್ತೀವಿ.”

ಶಿವಪ್ಪ ನೆಲ ನೋಡುತ್ತಿದ್ದರು.

ನಾನು ಗಂಗವ್ವನಿಗೆ ಬಾಚಣಿಗೆ ತೋರಿಸಿದೆ. “ತಲಿ ಹಿಕ್ಕೊಳ್ಳೂದು,” ಎಂದರು ಸರಿಯಾಗಿ. ಕೈಗೆ ಕೊಟ್ಟರೆ ಕೆನ್ನೆಗೆ ಉಜ್ಜಿಕೊಂಡರು. ಇದಕ್ಕೆ ಅಪ್ರಾಕ್ಸಿಯಾ ಎನ್ನುತ್ತೇವೆ. ಕೈಯಲ್ಲಿ ಬಲವಿದೆ, ಹೇಳಿದ್ದು ತಿಳಿಯುತ್ತದೆ, ಆದರೆ ಬೇಕೆಂದು ಮಾಡಹೊರಟ ಕೆಲಸ ಕೈಗೆ ಬರುವುದಿಲ್ಲ.

ಅಷ್ಟರಲ್ಲಿ ನಮ್ಮ ಕ್ಲಿನಿಕ್‌ನ ಡಾಕ್ಟರ್ ಒಳಬಂದರು. ಗಂಗವ್ವ ತಟ್ಟನೆ ಕೈ ಜೋಡಿಸಿದರು.

“ನೋಡ್ರಿ, ಈಗ ಬಂತಿಲ್ಲೋ?” ಎಂದಳು ಸವಿತಾ.

ತಾನಾಗಿ ಆಗುವ ಚಲನೆ ಎಷ್ಟೋ ಸಲ ಉಳಿದಿರುತ್ತದೆ, ಹೇಳಿ ಮಾಡಿಸಿದರೆ ತಪ್ಪುತ್ತದೆ ಎಂದು ವಿವರಿಸಿದೆ. ಅವಳು ಬಿಡಲಿಲ್ಲ. “ಮತ್ತ ಸೀರಿ? ಇಷ್ಟ ನೀಟ ಉಡೂ ಕೈಗೆ ಕುಂಕುಮ ಹಚ್ಚಾಕ ಬರಂಗಿಲ್ಲ?”

 ಸೀರೆಯನ್ನು ಆಗ ಸರಿಯಾಗಿ ನೋಡಿದೆ. ನೆರಿಗೆಗಳು ಬೆರಳಗಲ, ಒತ್ತೊತ್ತಾಗಿ, ಕೊನೆ ಮಡಚಿ ಸಿಕ್ಕಿಸಿದಂಥವು. ಸೀರೆಗೆ ಹಿಡಿಯುವ ನೆರಿಗೆ ಇದಕ್ಕಿಂತ ಅಗಲ; ನಮ್ಮಪ್ಪ ಹಬ್ಬಕ್ಕೆ ದೋತರ ಉಡುತ್ತಿದ್ದುದು ಹೀಗೆ.  ಸವಿತಾಳ ದುಪಟ್ಟಾ ಇಸಿದುಕೊಂಡು, “ಇದಕ್ಕ ನೆರಿಗಿ ಹಿಡೀರಿ ಅವ್ವಾರ,” ಎಂದೆ. ಗಂಗವ್ವ ಅದನ್ನು ಮುದುಡಿ, ತೊಡೆಯ ಮೇಲಿಟ್ಟುಕೊಂಡು, ಗಂಡನ ಕಡೆ ನೋಡಿದರು.

“ನಾನ ಉಡಸ್ತೀನ್ರಿ,” ಎಂದರು ಶಿವಪ್ಪ. “ದಸರಾದಿಂದ. ನನಗ ದೋತರದ ನೆರಿಗಿ ಅಷ್ಟ ಬರ್ತೈತಿ.”

ಸವಿತಾ ಮಾವನ ಕಡೆ ತಿರುಗಿದಳು.  “ಚಿಲಕ ಹಾಕ್ಕೊಂಡು… ಇದನ್ನ ಮಾಡ್ತಿದ್ರ್ಯಾ? ನನಗ ಯಾಕ ಹೇಳಲಿಲ್ಲ ಮಾವಾರ?”

“ಹೆಂಗ ಹೇಳ್ಲೆವ್ವಾ. ನಿನಗ ಸೀರಿ ಉಡಾಕ ಕಲಿಸಿದಾಕಿ ಆಕಿ.”

ರೋಗ ನನಗೆ ಹೊಸದಲ್ಲ, ಪುಸ್ತಕದಲ್ಲಿ ಓದಿದ್ದೆ. ಒಂದೇ ಚಿಕ್ಕ ಮನೆಯಲ್ಲಿ, ಒಂದು ಗೋಡೆಯಾಚೆ, ತಿಂಗಳುಗಟ್ಟಲೆ ಅದನ್ನು ಹೀಗೆ ಮುಚ್ಚಿಡಬಹುದು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. 

ಹೊರಡುವಾಗ ಸವಿತಾ ಬಗ್ಗಿ ಅತ್ತೆಯ ನೆರಿಗೆ ಬಿಡಿಸಿ ಅಗಲ ಮಾಡಿ ಸಿಕ್ಕಿಸಿದಳು. ಡೊಂಬಿವಲಿಯ ಮಾತೆತ್ತಲಿಲ್ಲ.

“ನಾಳಿಂದ ಚಿಲಕ ಹಾಕಬ್ಯಾಡ್ರಿ ಮಾವಾರ,” ಎಂದಳು.

ಅಂದಿನಿಂದ ಯಾವ ರೋಗಿ ಬಂದರೂ ನನ್ನ ಮೊದಲ ಪ್ರಶ್ನೆ ಒಂದೇ: ಬೆಳಿಗ್ಗೆ ಇವರಿಗೆ ಬಟ್ಟೆ ಉಡಿಸಿದವರು ಯಾರು? ಕೇಳುವಾಗ ರೋಗಿಯನ್ನು ನೋಡುವುದಿಲ್ಲ, ಪಕ್ಕದಲ್ಲಿ ನೆಲ ನೋಡುತ್ತ ಕೂತವರನ್ನು ನೋಡುತ್ತೇನೆ.